ಕಳಚದ ಮೀಸೆ

2024ರ ಫೆಬ್ರುವರಿ 11, ಭಾನುವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ಗುಬ್ಬಿಯ ರಂಗಮಂದಿರದ ಗ್ರೀನ್ ರೂಮಿನಲ್ಲಿ ಮೇಕಪ್ ಮಾಡುವ ಸೋಮಶೇಖರ್, ಶಾಂತಲಾಳ ಗದ್ದ ಹಿಡಿದು ಮೀಸೆ ಅಂಟಿಸಿದ. ಅವಳು ಗಡಿಯಾರ ನೋಡಿ ತನ್ನ ಪುಟ್ಟ ಪುಸ್ತಕದಲ್ಲಿ ಸಮಯ ಬರೆದುಕೊಂಡಳು. ತುಮಕೂರಿನ ಸತ್ಯಮಂಗಲದ ಅಂಟಿನ ಕಾರ್ಖಾನೆಯಲ್ಲಿ ಹಿಡಿತ ಪರೀಕ್ಷಿಸುವುದೇ ಅವಳ ಕೆಲಸ; ಅಭ್ಯಾಸ ಎಲ್ಲಿ ಬಿಡುತ್ತದೆ?

“ಅಂಟು ಒಂದೇ ಕೋಟ್ ತಾನೇ ಹಾಕಿದ್ದು?”

“ಹೂಂ ಮೇಡಂ. ಅಲ್ಲಾಡ್ಬೇಡಿ. ನಕ್ರೆ ಸೊಟ್ಟಗಾಗ್ತದೆ.”

ಹಾಗಂದು ಹುಬ್ಬು ಕುಣಿಸಿ ನಗಿಸುವವನೂ ಅವನೇ.

ನಾಟಕದಲ್ಲಿ ಅವಳದು ಕುಣಿಗಲ್ಲಿನ ಕುದುರೆ ಲಾಯದ ಹುಡುಗಿಯ ಪಾತ್ರ. ಕಾಲು ಮುರಿದುಕೊಂಡ ಅಣ್ಣನ ಅಂಗಿ, ರುಮಾಲು ತೊಟ್ಟು, ಗಂಡಿನ ವೇಷದಲ್ಲಿ ಸೈನ್ಯ ಸೇರುತ್ತಾಳೆ. ಯುದ್ಧ ಗೆದ್ದ ಮೇಲೆ ದಳವಾಯಿಯ ಎದುರು ತಾನೇ ಮೀಸೆ ಕಿತ್ತು, ಹೆಣ್ಣೆಂದು ತೋರಿಸಿಕೊಳ್ಳಬೇಕು. ಇಡೀ ನಾಟಕ ನಿಂತಿರುವುದೇ ಆ ಒಂದು ಎಳೆತದ ಮೇಲೆ.

ಮೊದಲ ದಿನ ಸೋಮಶೇಖರನೇ ಮೋಸ ಹೋಗಿದ್ದ. ರುಮಾಲು ಸುತ್ತಿ ಮೇಕಪ್ಪಿನ ಸಾಲಿನಲ್ಲಿ ನಿಂತವಳ ಭುಜ ತಟ್ಟಿ, “ಏನ್ಲಾ, ಮೀಸೆನೇ ಚಿಗುರಿಲ್ಲ, ಆಗ್ಲೇ ಯುದ್ಧಕ್ಕೆ ಹೊಂಟ್ಬುಟ್ಯಾ?” ಅಂದಿದ್ದ.

“ನೀವ್ ಅಂಟಿಸ್ಕೊಡಿ, ಹೋಗ್ತೀನಿ.”

ದನಿ ಕೇಳಿದ್ದೇ ಅವನ ಕೈಯಿಂದ ಬ್ರಷ್ ಜಾರಿತ್ತು.

ತುಮಕೂರಿನಲ್ಲಿ ಎರಡು, ಕುಣಿಗಲ್ಲಿನಲ್ಲಿ ಒಂದು ಪ್ರದರ್ಶನ ಆಯಿತು. ಪ್ರತಿ ಸಲವೂ ಮೀಸೆ ಅಂಟಿಸಲು ಅವನು ಉಸಿರು ತಾಗುವಷ್ಟು ಹತ್ತಿರ ಬರುತ್ತಿದ್ದ. ಪ್ರತಿ ಸಲವೂ ಏನೋ ಹೇಳಹೊರಟು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಇವತ್ತಿನದು ಕೊನೆಯದು. ನಾಳೆಯಿಂದ ಅವಳ ಗದ್ದ ಹಿಡಿಯಲು ಅವನಿಗೆ ಯಾವ ನೆಪವೂ ಇಲ್ಲ. ಇವತ್ತಾದರೂ ಬಾಯಿ ಬಿಟ್ಟಾನೇ ಎಂದು ಅವಳು ಕಾದಳು.

“ಆಲ್ ದ ಬೆಸ್ಟ್, ಸಿಪಾಯಿ” ಅಂದ, ಅಷ್ಟೇ.

ಕೊನೆಯ ದೃಶ್ಯ ಬಂತು. “ನೋಡಿ ದಳವಾಯಿಗಳೇ, ನಿಮ್ಮ ಕೋಟೆ ಉಳಿಸಿದವಳು ಹೆಣ್ಣು!” ಎಂದು ಶಾಂತಲಾ ಮೀಸೆ ಹಿಡಿದು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ತುಟಿ ಬಂತು, ಮೀಸೆ ಬರಲಿಲ್ಲ.

ಮುಂದಿನ ಸಾಲಿನಿಂದ ಅಜ್ಜಿಯೊಬ್ಬರು ಕೂಗಿದರು: “ಬುಡವ್ವ, ಚೆಂದಾಗೈತೆ, ಇರ್ಲಿ ಬುಡು!”

ಸಭೆ ಗೊಳ್ಳೆಂದಿತು. ದಳವಾಯಿಯಾಗಿದ್ದ ಶಿವರಾಮಯ್ಯ ಮೇಷ್ಟ್ರು ಹಲ್ಲು ಕಚ್ಚಿ, “ಏನವ್ವಾ ಇದು?” ಎಂದು ಪಿಸುಗುಟ್ಟಿದರು. ಶಾಂತಲಾಳ ಕಣ್ಣು ತುಂಬಿತು.

ಅಷ್ಟರಲ್ಲಿ ಪರದೆಯ ಮರೆಯಿಂದ ಸೋಮಶೇಖರ್, ಯಾರದೋ ರುಮಾಲು ತಲೆಗಿಟ್ಟುಕೊಂಡು ಓಡಿಬಂದ. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟ್ಲಿ.

“ಅಪ್ಪಣೆಯಾದರೆ ಪ್ರಭೂ, ಈ ಸಿಪಾಯಿಯ ಗುಟ್ಟು ನಾನು ಬಿಡಿಸುತ್ತೇನೆ!” ಎಂದವನೇ ನಾನೂರು ಜನರ ಎದುರು ಅವಳ ಗದ್ದ ಹಿಡಿದ.

“ನಿಜ ಹೇಳಿ, ಎಷ್ಟು ಕೋಟ್?” ತುಟಿ ಅಲ್ಲಾಡಿಸದೆ ಕೇಳಿದಳು.

“ಮೂರು.”

“ಯಾಕ್ರೀ?”

ಎಣ್ಣೆ ಸವರುತ್ತಿದ್ದ ಬೆರಳು ನಿಂತಿತು. “ಇದು ಬಿಚ್ಕೊಂಡ್ರೆ ನಾಟಕ ಮುಗ್ದೋಗ್ತದಲ್ಲ, ಶಾಂತಲಾ. ಆಮೇಲೆ ನೀವ್ ನಂಗೆಲ್ಲಿ ಸಿಗ್ತೀರಾ?”

ಮೇಡಂ ಅನ್ನಲಿಲ್ಲ.

“ಮೀಸೆ ಇಲ್ದಿದ್ರೂ ಸಿಗ್ತೀನಿ ಕಣ್ರೀ. ಇಷ್ಟು ಹೇಳಕ್ಕೆ ನಾಲ್ಕು ಶೋ ಬೇಕಿತ್ತಾ? ಈಗ ಕೀಳಿ!”

ಮೀಸೆ ಬಂತು. ಅವಳ ರುಮಾಲು ಬಿಚ್ಚಿಕೊಂಡು ಜಡೆ ಇಳಿಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಿಳ್ಳೆ ಹೊಡೆದದ್ದು ಆ ಅಜ್ಜಿಯೇ ಇರಬೇಕು.

ಪರದೆ ಬಿದ್ದ ಮೇಲೆ ಶಾಂತಲಾ ಅವನ ಎಣ್ಣೆಗೈ ಬಿಡದೆಯೇ, ಇನ್ನೊಂದು ಕೈಯಲ್ಲಿ ಪುಸ್ತಕ ತೆರೆದು ಬರೆದಳು. ಅಂಟು ಹಿಡಿದ ಅವಧಿ: 3 ಗಂಟೆ 22 ನಿಮಿಷ.