ಗಾಜಿನ ಕಿಟಕಿಯ ಹಾಸಿಗೆ

ಮಧ್ಯಾಹ್ನದ ಊಟ ಮುಗಿಸಿ ಬಂದ ಮಗಳು ಬೀಗ ತೆಗೆದು, ಅಪ್ಪನ ಹಾಸಿಗೆ ಅಂಗಡಿಯ ಪರದೆ ಸರಿಸಿದಳು. ಸರಿಸಿದವಳು ಹಾಗೇ ನಿಂತುಬಿಟ್ಟಳು. ಗಾಜಿನ ಕಿಟಕಿಯ ಮಂಚದ ಮೇಲೆ ಹಾಸಿಗೆಯೇ ಇಲ್ಲ! ಮಲಗುವವನು ಮಾತ್ರ ಇದ್ದ—ಬರೀ ಹಲಗೆಯ ಮೇಲೆ, ಕಣ್ಣು ಮುಚ್ಚಿಕೊಂಡು.

ಮಲಗುವುದೇ ಅವನ ಕೆಲಸ. ಅದು ಅವಳ ಗಂಡನ ಉಪಾಯ. ಮೇಲೆ ಆಳೆತ್ತರದ ಬೋರ್ಡು: 'ಲೋಕಕ್ಕೇ ಮೊದಲು! ತಲೆಯಿಟ್ಟರೆ ನಿದ್ದೆ!' ಕೆಳಗೆ ಸಂಬಳಕ್ಕೆ ಮಲಗಿದ ಈ ಮಹಾರಾಯ. ಹಾಸಿಗೆ ಹೊಲಿಯುವ ಅಪ್ಪ ಮಾತ್ರ ಒಂದು ದಿನವೂ ಆ ಬೋರ್ಡಿನತ್ತ ತಲೆಯೆತ್ತಿರಲಿಲ್ಲ.

"ಇವತ್ತೇ ಆಗ್ಬೇಕಿತ್ತಾ?" ಹಿಂದೆಯೇ ಬಂದ ಗಂಡ ತಲೆಯ ಮೇಲೆ ಕೈ ಹೊತ್ತ. "ಹೋಟೆಲ್ ಮಾಲೀಕರು ಇನ್ನೇನು ಬಂದ್ಬಿಡ್ತಾರೆ ಕಣೇ. ಈ ಆರ್ಡರ್ ತಪ್ಪಿದ್ರೆ ಅಂಗಡಿ ಮುಚ್ಚೋದೇ!"

ಎದುರು ಮನೆಯ ಅಕ್ಕ ಬಂದರು. ಪೊಲೀಸ್ ಕೆಲಸದಿಂದ ನಿವೃತ್ತರು; ಅವರ ಪ್ರಶ್ನೆಗಳಿಗೆ ಮಾತ್ರ ನಿವೃತ್ತಿಯಿಲ್ಲ.

"ಬೀಗ?"

"ಹಾಕಿದ್ದು ಹಾಕಿದ ಹಾಗೇ ಇತ್ತು ಅಕ್ಕ."

"ಒಳಗೆ ಯಾರಿದ್ರು?"

"ಇವನು. ಹಿಂದಿನ ಕೋಣೇಲಿ ಅಪ್ಪ."

"ಎದುರಂಗಡಿಯವನದೇ ಕೈವಾಡ!" ಗಂಡ ಹಲ್ಲು ಕಡಿದ.

"ಬೀಗದ ತೂತಲ್ಲಿ ಹಾಸಿಗೆ ತೂರಿಸಿದ್ನೇನಪ್ಪ?" ಎನ್ನುತ್ತಾ ಅಕ್ಕ ಹಿಂದಿನ ಕೋಣೆಗೆ ನಡೆದರು; ಉಳಿದಿಬ್ಬರೂ ಹಿಂಬಾಲಿಸಿದರು.

ಹಿಂದಿನ ಕೋಣೆಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಇಳಿಯುವ ಮನಸ್ಸಿಲ್ಲದೆ ತೇಲುತ್ತಿದ್ದವು. ಚಿಕ್ಕಂದಿನಿಂದಲೂ ಇಲ್ಲಿ ಕಾಲಿಟ್ಟರೆ ಮಗಳಿಗೆ ಅರ್ಧ ಎಚ್ಚರ, ಅರ್ಧ ಕನಸು. ಅಪ್ಪ ಹತ್ತಿಯ ಗೋಣಿಚೀಲವೊಂದರ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಪಕ್ಕದಲ್ಲಿ ಹೊಸ ಹಾಸಿಗೆ—ಸಾಲು ಸಾಲು ದಾರದ ಗಂಟುಗಳು, ಮೂಲೆಯಲ್ಲಿ ಅವರ ಗುರುತಿನ ಕೆಂಪು ಹೊಲಿಗೆ.

"ಯಜಮಾನರೇ, ಸ್ವಲ್ಪ ಏಳ್ತೀರಾ?" ಎಂದರು ಅಕ್ಕ.

ಅಪ್ಪ ಎದ್ದರು. ಕುಗ್ಗಿದ್ದ ಚೀಲ ತಾನೇ ಉಬ್ಬಿತು.

"ಹತ್ತಿ ಹೀಗೆ ಪುಟಿಯಲ್ಲ, ಸ್ಪಂಜು ಪುಟಿಯುತ್ತೆ," ಅಕ್ಕ ನಕ್ಕರು. "ಕಿಟಕಿಯ ಹಾಸಿಗೆ ಇದರೊಳಗಿದೆ. ನೀವೆಲ್ಲ ಖಾಲಿ ಮಂಚ ನೋಡಿದ್ರಿ, ಮಲಗಿದವನ ಕೆನ್ನೆ ನೋಡ್ಲಿಲ್ಲ. ಗುಂಡಗೆ ದಾರದ ಗಂಟಿನ ಅಚ್ಚು ಬಿದ್ದಿದೆ! ಹಲಗೇಲಿ ಗಂಟೆಲ್ಲಿದೆ? ಸ್ಪಂಜಲ್ಲೂ ಇಲ್ಲ. ಅವನು ನಿದ್ದೆ ಹೊಡೆದದ್ದು ಈ ಹತ್ತಿ ಹಾಸಿಗೆ ಮೇಲೆ. ಬೀಗದ ಸದ್ದಾಗಿದ್ದೇ ಓಡಿ ಹೋಗಿ ಹಲಗೆ ಮೇಲೆ ಬಿದ್ದ. ಅವನನ್ನ ಇಲ್ಲಿ ಮಲಗಿಸಿ, ಆ ಸ್ಪಂಜಿನ ಹಾಸಿಗೆ ಕದ್ದವರು—ನೀವೇ."

"ಇಷ್ಟು ದಿನ ಬರೀ ಕಣ್ಣು ಮುಚ್ಚಿದ್ದೆ ಅಕ್ಕ," ಬಾಗಿಲಲ್ಲಿ ನಿಂತ ಮಲಗುವವನು ಆಕಳಿಸಿದ. "ಆ ಸ್ಪಂಜಲ್ಲಿ ಬೆವರು ಬರುತ್ತೆ, ನಿದ್ದೆ ಬರಲ್ಲ. ಯಜಮಾನ್ರು ಪಾಪ ಅಂದ್ಕೊಂಡು ಕರೆದ್ರು."

"ಕದ್ದದ್ದು ಯಾಕಪ್ಪಾ?" ಮಗಳು ಕೇಳಿದಳು.

ಅಪ್ಪ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂದಿಷ್ಟು ಕೆಂಪು ದಾರ.

"ಎಲ್ಲಿಂದಲೋ ತಂದ ಸ್ಪಂಜಿಗೆ ಅಳಿಯಂದ್ರು ನನ್ನ ಗುರುತು ಹೊಲಿಸಿದ್ರು. ಹಾಸಿಗೆ ಅವರದೇ, ಇಟ್ಕೊಳ್ಲಿ. ನನ್ನ ಹೆಸರು ಮಾತ್ರ ಬಿಚ್ಕೊಂಡೆ ಮಗಳೇ."

"ನೀವು ಒಂದು ಹೊಲಿಯೋದ್ರಲ್ಲಿ ಗಿರಾಕಿ ಹೋಗ್ಬಿಡ್ತಾರೆ ಮಾವ..." ಗಂಡನ ಮಾತು ಅಲ್ಲಿಗೇ ನಿಂತಿತು. ಹೋಟೆಲ್ ಮಾಲೀಕರು ಬಂದಿದ್ದರು. ಅಷ್ಟರಲ್ಲಿ ಮಲಗುವವನು ಹತ್ತಿ ಹಾಸಿಗೆಯ ಮೇಲೆ ಉರುಳಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.

"ಇದೂ ಜಾಹೀರಾತೇ?" ಮಾಲೀಕರು ಕೇಳಿದರು.



"ಅಲ್ಲ," ಎಂದಳು ಮಗಳು. "ಕಿಟಕಿಯ ಹಾಸಿಗೆ ನಮ್ಮದಲ್ಲ, ನಮ್ಮದು ಇದು. ಅಪ್ಪ ಒಬ್ಬರೇ ಹೊಲೀತಾರೆ, ತಡವಾಗುತ್ತೆ. ಮೆಲ್ಲಗೆ ಮಾತಾಡಿ—ಅವನು ನಿಜವಾಗಲೂ ಮಲಗಿದ್ದಾನೆ."

ಮಾಲೀಕರು ಸದ್ದಾಗದಂತೆ ಚಪ್ಪಲಿ ಬಿಟ್ಟು, ಹಾಸಿಗೆಯ ಇನ್ನೊಂದು ಅಂಚಿನಲ್ಲಿ ಒರಗಿ ಕಣ್ಣು ಮುಚ್ಚಿದರು.