ಕಾವಲ್ ಮನೆಯ ಮುದ್ರೆ ಕಬ್ಬಿಣ

2025ರ ಜನವರಿ 17, ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅಜ್ಜಂಪುರ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವಳು ಮಾಯಾ, ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಹಿಂದೆ ಬಂದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಷಡಕ್ಷರಿ. ಮಾಯಾ ದೂರು ಬರೆದುಕೊಂಡೇ ಬಂದಿದ್ದಳು. ಮೇಷ್ಟ್ರು ಬಾಗಿಲ ಹತ್ತಿರವೇ ನಿಂತರು.

ಪಿಎಸ್‌ಐ ಶ್ರೀವಿದ್ಯಾ ದೂರು ಓದಿದಳು. ಊರಾಚೆಯ ಕಾವಲ್ ಮನೆ ಸಂಗ್ರಹಾಲಯದಿಂದ, ಹಿಂದೆ ಸರ್ಕಾರಿ ದನಗಳಿಗೆ ಗುರುತಿನ ಬರೆ ಹಾಕಲು ಬಳಸುತ್ತಿದ್ದ ಮುದ್ರೆ ಕಬ್ಬಿಣವೊಂದು ರಾತ್ರಿ ಕಳುವಾಗಿದೆ.

"ಬೇರೆ ಏನು ಹೋಗಿದೆ?"

"ಏನೂ ಇಲ್ಲ ಮೇಡಂ. ಹಿತ್ತಾಳೆ ಹಂಡೆ, ಕತ್ತಿ, ಎಲ್ಲಾ ಅಲ್ಲೇ ಅವೆ. ಇದೊಂದೇ."

"ನೀವೇನಂತೀರಿ ಮೇಷ್ಟ್ರೆ?"

"ತುಕ್ಕು ಹಿಡಿದ ಕಬ್ಬಿಣ. ಪೊಲೀಸು ಯಾಕಮ್ಮ ಅಂದೆ. ಕೇಳ್ಲಿಲ್ಲ."

ಮಾಯಾ ಹಿಂದಿರುಗಿ ನೋಡಿದಳು. "ನಮ್ಮ ಮುತ್ತಜ್ಜಂದು ಕಣ್ರೀ ಅದು. ತುಕ್ಕು ಅಂದ್ಬಿಟ್ರೆ ಆಯ್ತಾ?"

ಎಫ್‌ಐಆರ್ ದಾಖಲಾಯಿತು. ರಾತ್ರಿ ಕನ್ನ, ಕಳವು.

ಕಾವಲ್ ಮನೆ ಎಂದರೆ ಮೂರು ಕೋಣೆಯ ಹೆಂಚಿನ ಮನೆ. ದನ ಮೇಯುವ ಹುಲ್ಲುಗಾವಲಿನ, ಅಂದರೆ ಕಾವಲಿನ, ಮೇಲ್ವಿಚಾರಣೆಗೆ ಇದ್ದ ದರೋಗಾ ಒಂದು ಕಾಲದಲ್ಲಿ ಅಲ್ಲಿ ವಾಸವಿದ್ದ. ಎಂಟು ವರ್ಷದ ಹಿಂದೆ ಮೇಷ್ಟ್ರು ಊರಿನ ನಾಲ್ಕಾರು ಜನರನ್ನು ಸೇರಿಸಿ ಟ್ರಸ್ಟ್ ಮಾಡಿ, ಗೋಡೆಗೆ ಸುಣ್ಣ ಬಳಿದು ಸಂಗ್ರಹಾಲಯ ತೆರೆದಿದ್ದರು. ಸಂಬಳದವರು ಯಾರೂ ಇಲ್ಲ. ಬಿಡುವಿದ್ದವರು ಬಂದು ಬಾಗಿಲು ತೆರೆಯುತ್ತಾರೆ. ಈಚೆಗೆ ಬಿಡುವಿದ್ದವರು ಇಬ್ಬರೇ. ಬೀಗದ ಕೈಗಳೂ ಎರಡೇ: ಒಂದು ಮಾಯಾ ಹತ್ತಿರ, ಇನ್ನೊಂದು ಮೇಷ್ಟ್ರ ಹತ್ತಿರ.

ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಮುಂಬಾಗಿಲ ಬೀಗಕ್ಕೆ ಏನೂ ಆಗಿರಲಿಲ್ಲ. ಹಿಂದುಗಡೆ ಮಾಡಿನಲ್ಲಿ ನಾಲ್ಕು ಹೆಂಚು ತೆಗೆದು ಪಕ್ಕಕ್ಕೆ ಜೋಡಿಸಿತ್ತು. ಕಬ್ಬಿಣವಿದ್ದ ಗಾಜಿನ ಪೆಟ್ಟಿಗೆಯ ಸಣ್ಣ ಬೀಗ ಮುರಿದು ನೆಲದ ಮೇಲೆ ಬಿದ್ದಿತ್ತು.

"ಹೆಂಚಿಳಿಸಿ ಬಂದವ್ನೆ," ಎಂದರು ಹೆಡ್ ಕಾನ್‌ಸ್ಟೇಬಲ್ ಬಸವರಾಜಪ್ಪ. "ಲೇ ಹೊನ್ನೇಶ, ಹತ್ತಿ ನೋಡೋ."

ಕಾನ್‌ಸ್ಟೇಬಲ್ ಹೊನ್ನೇಶ್ ಏಣಿ ಹತ್ತಿ ತೂತಿನಲ್ಲಿ ತಲೆ ಇಟ್ಟ.

"ಮೇಡಂ, ಜೇಡರ ಬಲೆ ಹಂಗೇ ಐತೆ. ಈ ತುದಿಯಿಂದ ಆ ತುದಿ ತಂಕ."

"ಸರಿಯಾಗಿ ನೋಡು."

"ಜೇಡಾನೂ ಐತೆ ಮೇಡಂ. ನನ್ನೇ ನೋಡ್ತೈತೆ."

ಶ್ರೀವಿದ್ಯಾ ತಾನೂ ಹತ್ತಿ ನೋಡಿದಳು. ಹೆಂಚು ತೆಗೆದವನು ಒಳಗೆ ಇಳಿದಿಲ್ಲ. ಕಳ್ಳ ಬಾಗಿಲಿಂದಲೇ ಬಂದಿದ್ದಾನೆ, ಬೀಗದ ಕೈ ಹಿಡಿದುಕೊಂಡು.

ಠಾಣೆಗೆ ಹಿಂದಿರುಗುವಾಗ ಬಸವರಾಜಪ್ಪ ಮೆಲ್ಲಗೆ ಹೇಳಿದರು. "ಕೈ ಇರೋದು ಇಬ್ರತ್ರ. ಮೇಷ್ಟ್ರಿಗೆ ಅದರ ಆಸೆ ಏನೈತೆ? ಆ ಹುಡ್ಗಿ ನಮ್ಮಜ್ಜಂದು, ನಮ್ಮಜ್ಜಂದು ಅಂತಾಳೆ. ಮನೆಗೆ ತಗಂಡು ಹೋಗಿ ಇಟ್ಕಂಡಿರ್ಬೋದು."

"ಇಟ್ಕೊಂಡವಳು ದೂರು ಕೊಡ್ತಾಳಾ?"

"ಕೊಡೋರ್ನ ನೋಡಿದೀನಿ ಮೇಡಂ."

ಮಧ್ಯಾಹ್ನ ಶ್ರೀವಿದ್ಯಾ ಮಾಯಾಳನ್ನು ಕೂರಿಸಿ ಕೇಳಿದಳು.

"ರಾತ್ರಿ ಎಲ್ಲಿದ್ರಿ?"

"ಕಡೂರಲ್ಲಿ, ಅಕ್ಕನ ಮನೇಲಿ. ಬೆಳಿಗ್ಗೆ ಬಸ್ಸಿಗೆ ಬಂದೆ. ನಂಬರ್ ಕೊಡ್ತೀನಿ, ಕೇಳಿ."

"ಕಬ್ಬಿಣ ನಿಮ್ಮ ಮುತ್ತಜ್ಜಂದು ಅಂತ ಹೆಂಗೆ ಗೊತ್ತು?"

"ಮ್ಯೂಸಿಯಂ ತೆರೆದ ವರ್ಷಾನೇ, ಕಾವಲ್ ಮನೆ ರಿಪೇರಿ ಮಾಡುವಾಗ ನೆಲದಲ್ಲಿ ಸಿಕ್ತು. ಮೇಷ್ಟ್ರೇ ಅಗೆದು ತೆಗೆದ್ರು. ಈ ಕಾವಲಿನಲ್ಲಿ ಬರೆ ಹಾಕ್ತಿದ್ದೋರು ನಮ್ಮ ಮುತ್ತಜ್ಜ ಗಿರಿಯಪ್ಪ. ಹಳಬರೆಲ್ಲಾ ಹೇಳ್ತಾರೆ. ಸ್ಕೂಲ್ ಮಕ್ಳು ಬಂದಾಗ ಆ ಪೆಟ್ಟಿಗೆ ಮುಂದೆ ನಾನೇ ನಿಂತು ಹೇಳೋದು. ಸೋಮವಾರ ಮೈಸೂರಿಂದ ಮ್ಯೂಸಿಯಂ ಇಲಾಖೆಯೋರು ಪರಿಶೀಲನೆಗೆ ಬರ್ತಾವ್ರೆ. ಕಬ್ಬಿಣಕ್ಕೆ ಮಸಿ ಹಚ್ಚಿ ಅಚ್ಚು ತಗೋತೀವಿ ಅಂದಿದ್ರು. ಈಗ ಏನು ತೋರಿಸ್ಲಿ? ಅಲ್ಲಿರೋದ್ರಲ್ಲಿ ನಮ್ಮೋರದು ಅಂತ ಇದ್ದಿದ್ದು ಅದೊಂದೇ."

ತನ್ನ ಫೋನಿನಲ್ಲಿದ್ದ ಚಿತ್ರ ಕಳಿಸಿದಳು. ಉದ್ದನೆಯ ಸರಳು, ತುದಿಯಲ್ಲಿ ಅಂಗೈ ಅಗಲದ 'ಬೆ' ಅಕ್ಷರ. ಅರಸರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯ 'ಬೆ' ಎಂದು ಕೆಳಗೆ ಫಲಕವಿತ್ತು. ಕಡೂರಿನ ಅಕ್ಕ, ನೆರೆಮನೆಯವರು, ಬಸ್ಸಿನ ಕಂಡಕ್ಟರ್, ಮೂವರೂ ಮಾಯಾ ಹೇಳಿದ್ದನ್ನೇ ಹೇಳಿದರು. ಬಸವರಾಜಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಸಂಜೆ ಹೊನ್ನೇಶ್ ಮುರಿದ ಬೀಗವನ್ನು ಬಟ್ಟೆಯಲ್ಲಿ ಹೊಲಿದು, ಗಂಟಿನ ಮೇಲೆ ಅರಗು ಕರಗಿಸಿ, ಠಾಣೆಯ ಹಿತ್ತಾಳೆ ಮೊಹರು ಒತ್ತಿದ. ಅರಗಿನ ಮೇಲೆ ಅಕ್ಷರ ನೆಟ್ಟಗೆ ಮೂಡಿತು. ಮೊಹರನ್ನು ಮೇಜಿನ ಮೇಲೆ ಮಲಗಿಸಿಟ್ಟ. ಶ್ರೀವಿದ್ಯಾಳ ಕಣ್ಣು ಅದರ ಮೇಲೆ ಬಿತ್ತು. ಮೊಹರಿನಲ್ಲಿ ಅಕ್ಷರಗಳೆಲ್ಲ ತಿರುಗುಮುರುಗು.

ಅವಳು ಫೋನ್ ತೆಗೆದು ಮಾಯಾ ಕಳಿಸಿದ ಚಿತ್ರ ನೋಡಿದಳು. ಕಬ್ಬಿಣದ 'ಬೆ' ನೆಟ್ಟಗಿತ್ತು. ಚಿತ್ರವೇ ತಿರುಗಿರಬಹುದೇ ಎಂದು ಕೆಳಗಿನ ಫಲಕ ಓದಿದಳು. ಫಲಕವೂ ನೆಟ್ಟಗಿತ್ತು.

"ಬಸವರಾಜಪ್ಪ, ಇದರಿಂದ ಬರೆ ಹಾಕಿದ್ರೆ ದನದ ಮೈಮೇಲೆ ಅಕ್ಷರ ಹೇಗೆ ಬೀಳುತ್ತೆ?"

ಅವರು ಫೋನ್ ನೋಡಿದರು, ಮೊಹರು ನೋಡಿದರು. "ಉಲ್ಟಾ."

"ಬರೆ ಹಾಕೋದೇ ಕೆಲಸ ಆಗಿದ್ದ ಗಿರಿಯಪ್ಪ ಇಂಥ ಕಬ್ಬಿಣ ಇಟ್ಕೋತಿದ್ರಾ? ಇದನ್ನ ಯಾರೋ ನೋಡೋಕೆ ಅಂತಲೇ ಮಾಡಿಸಿದಾರೆ. ಸೋಮವಾರ ಮಸಿ ಹಚ್ಚಿದ ಕೂಡ್ಲೇ ಗೊತ್ತಾಗ್ತಿತ್ತು."

"ನೆಲದಿಂದ ಅಗೆದು ತೆಗೆದೋರು..."

"ಹೌದು. ಮಾಡಿಸೋಕೆ ಗುರುತಿರೋ ಕಮ್ಮಾರ ಬೇಕು. ಮೇಷ್ಟ್ರು ಯಾವ ಸ್ಕೂಲಲ್ಲಿದ್ರು?"

"ಹಿರೇನಲ್ಲೂರು. ಅಲ್ಲೇ ರಿಟೈರಾದ್ರು."

ಶನಿವಾರ ಬೆಳಿಗ್ಗೆ ಹಿರೇನಲ್ಲೂರಿನಲ್ಲಿ ಕುಲುಮೆ ಹುಡುಕುವುದು ಕಷ್ಟವಾಗಲಿಲ್ಲ. ಕಮ್ಮಾರ ಮೌನೇಶಾಚಾರಿ ಚಿತ್ರವನ್ನು ಒಂದು ಗಳಿಗೆ ನೋಡಿದ.

"ನಾನೇ ಮಾಡಿದ್ದು. ಡ್ರಾಯಿಂಗ್ ಮೇಷ್ಟ್ರು ಹಾಳೆ ಮೇಲೆ ಬರ್ದು ತಂದಿದ್ರು. ಹಳೇದರಂಗೆ ಕಾಣ್ಬೇಕು, ಮಣ್ಣಲ್ಲಿ ಹೂತಿಡ್ತೀನಿ ಅಂದ್ರು. ನಾಟಕಕ್ಕೇನೋ ಅಂದ್ಕಂಡೆ."

"ಅಕ್ಷರ ತಿರುಗಿಸಿಲ್ವಲ್ಲ?"

"ಬರ್ದಂಗೆ ಮಾಡ್ದೆ ಮೇಡಂ. ದನಕ್ಕೆ ಬರೆ ಹಾಕಕ್ಕೆ ಅಂದಿದ್ರೆ ತಿರುಗಿಸ್ತಿದ್ದೆ. ಅವ್ರು ಹೇಳ್ಲಿಲ್ಲ."

ಅವನ ಹೇಳಿಕೆ ಬರೆದುಕೊಂಡು ಅಜ್ಜಂಪುರಕ್ಕೆ ಬಂದಾಗ ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಕಬ್ಬಿಣ ಎಲ್ಲಿದೆ ಮೇಷ್ಟ್ರೆ?"

"ನನ್ನ ಕೇಳಿದ್ರೆ?"

"ಹಿರೇನಲ್ಲೂರಿಂದ ಬರ್ತಿದೀನಿ. ಮೌನೇಶಾಚಾರಿ ಚೆನ್ನಾಗಿದಾರೆ. ನಿಮ್ಮನ್ನ ಕೇಳಿದ್ರು."

ಮೇಷ್ಟ್ರು ಪೇಪರ್ ಮಡಿಸಿದರು. ಎದ್ದು ಬಚ್ಚಲಮನೆಗೆ ಕರೆದುಕೊಂಡು ಹೋಗಿ, ಹಂಡೆ ಒಲೆಯ ಬೂದಿಯೊಳಗೆ ಕೈ ಹಾಕಿ ಸರಳು ಎಳೆದರು. 'ಬೆ' ಹಾಗೇ ಇತ್ತು.

"ಎರಡು ದಿನದಿಂದ ಸುಡ್ತಿದೀನಿ. ಬಗ್ಗುತ್ತೇನೋ ಅಂದ್ಕೊಂಡೆ."

"ಅಚ್ಚು ಉಲ್ಟಾ ಬೀಳೋದು ಯಾವಾಗ ಗೊತ್ತಾಯ್ತು?"

"ಈ ವಾರ. ಮಸಿ ಅಚ್ಚು ತಗೋತಾರೆ ಅಂತ ಮಾಯಾ ಕುಣಿದಾಡ್ತಿದ್ಲು. ಮೊದ್ಲು ನಾನೇ ತೆಗೆದು ನೋಡೋಣ ಅಂತ ಹಾಳೆ ಮೇಲೆ ಒತ್ತಿದೆ." ಮೇಷ್ಟ್ರು ಕೈಯಲ್ಲಿದ್ದ ಬೂದಿ ನೋಡಿಕೊಂಡರು. "ಮಕ್ಕಳಿಗೆ ಆಲೂಗಡ್ಡೆ ಅಚ್ಚು ಹೇಳಿಕೊಟ್ಟೋನು ಮೇಡಂ ನಾನು. ಅಕ್ಷರ ತಿರುಗಿಸಿ ಕೊರೀರೋ ಅಂತ ಪ್ರತಿ ವರ್ಷ ಬಯ್ದೋನು."

ಸಂಜೆ 5ಕ್ಕೆ ಮೇಷ್ಟ್ರನ್ನು ದಸ್ತಗಿರಿ ಮಾಡಲಾಯಿತು. ವಸ್ತು ಟ್ರಸ್ಟಿನದು, ಅವರು ಟ್ರಸ್ಟಿನ ಅಧ್ಯಕ್ಷರು. ಕನ್ನದ ಕಲಂ ಹೋಗಿ ನಂಬಿಕೆ ದ್ರೋಹದ ಕಲಂ ಬಂತು. ವಸ್ತು ಗುರುತಿಸಲು ಮಾಯಾಳನ್ನು ಕರೆಸಿದರು. ಶ್ರೀವಿದ್ಯಾ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಮಾಯಾ ಕಬ್ಬಿಣವನ್ನು ಮುಟ್ಟಲಿಲ್ಲ. ಬೆಂಚಿನ ಮೇಲಿದ್ದ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಎಂಟು ವರ್ಷ ನನ್ ಕೈಲಿ ಸುಳ್ಳು ಹೇಳಿಸಿದ್ರಿ."

"ನಿಮ್ಮ ಮುತ್ತಜ್ಜ ಸುಳ್ಳಲ್ವಲ್ಲಮ್ಮ."

"ಅಲ್ಲ. ಅವರು ಇದ್ರು, ಬರೆ ಹಾಕ್ತಿದ್ರು. ಅವರದು ಅಂತ ಒಂದು ವಸ್ತೂ ಉಳಿದಿಲ್ಲ. ಹಂಗಂತಲೇ ಬೋರ್ಡ್ ಬರ್ದು ಖಾಲಿ ಪೆಟ್ಟಿಗೆ ಇಡ್ಬೋದಿತ್ತಲ್ಲ ಮೇಷ್ಟ್ರೆ? ಯಾಕಿಲ್ಲ ಅಂತ ಮಕ್ಳು ಕೇಳೋರು. ನಾನು ಹೇಳ್ತಿದ್ದೆ."

ಮಾಯಾ ಪಂಚನಾಮೆಗೆ ಸಹಿ ಹಾಕಿ ಹೊರಟಳು.

ಭಾನುವಾರ ತರೀಕೆರೆಗೆ, ಮ್ಯಾಜಿಸ್ಟ್ರೇಟರ ಮನೆಗೆ ಹಾಜರುಪಡಿಸಲು ಹೋಗುವಾಗ ಜೀಪಿನಲ್ಲಿ ಮೇಷ್ಟ್ರು ಯಾರೂ ಕೇಳದೆ ಮಾತಾಡಿದರು. ಸಂಗ್ರಹಾಲಯ ತೆರೆದಾಗ ಮನೆಗೊಬ್ಬರು ಏನಾದರೂ ತಂದುಕೊಟ್ಟರು. ಮಾಯಾ ಬರಿಗೈಯಲ್ಲಿ ಬಂದು ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದಳು. ನೋಡಲು ಬಂದವರು ಅವಳನ್ನು ಕಸ ಗುಡಿಸುವವಳು ಎಂದುಕೊಂಡು, ನೀರು ತಾರಮ್ಮ ಅನ್ನುತ್ತಿದ್ದರು. ಕಬ್ಬಿಣ ಬಂದ ಮೇಲೆ ಹಾಗೆ ಯಾರೂ ಅನ್ನಲಿಲ್ಲ.

"ಅವ್ರಿಗೆ ಬಯ್ದಿದ್ರೆ ಆಗ್ತಿತ್ತು," ಎಂದಳು ಶ್ರೀವಿದ್ಯಾ.

"ಧೈರ್ಯ ಬರ್ಲಿಲ್ಲ. ಅವ್ರೆಲ್ಲಾ ನಮ್ಮೋರೇ."

ಸೋಮವಾರ ಮೈಸೂರಿನವರು ಬಂದರು. ಬೀಗದ ಕೈ ಈಗ ಒಬ್ಬಳ ಹತ್ತಿರವೇ ಇತ್ತು. ಮಾಯಾ ಬಾಗಿಲು ತೆರೆದು, ಅವರನ್ನು ಹಂಡೆ, ಕತ್ತಿಗಳ ಮುಂದೆ ನಿಲ್ಲಿಸದೆ ನೇರ ಖಾಲಿ ಗಾಜಿನ ಪೆಟ್ಟಿಗೆಯ ಹತ್ತಿರ ಕರೆದೊಯ್ದಳು.

"ಇಲ್ಲಿಂದ ಶುರು ಮಾಡೋಣ ಸಾರ್," ಎಂದಳು.