ಮೌಸ್ ನಿಮ್ಮ ಕೈಯಲ್ಲೇ ಇರಲಿ

ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಉಸಿರು ನಿಂತಿತು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ ಎನಿಸಿ, ನಾದಿನಿಯನ್ನು ಅವಳ ಬಳಿ ಕೂರಿಸಿ, ನಾನೇ ನನ್ನವಳು ಗ್ರಂಥಪಾಲಕಿಯಾಗಿದ್ದ ಲೈಬ್ರರಿಗೆ ನಡೆದೆ. ಓದಿದ ಪುಸ್ತಕ, ಲೇಖನಗಳ ವಿವರ ಕೂಡಿಡುವ ಹಳೆಯ ರೆಫರೆನ್ಸ್ ಸಾಫ್ಟ್‌ವೇರ್ ಅಲ್ಲಿ ನಿಲ್ಲುವುದರಲ್ಲಿತ್ತು. ಸಂಶೋಧಕರು ವರ್ಷಗಟ್ಟಲೆ ಕೂಡಿಸಿದ ಆಕರಗಳನ್ನು ಹೊಸದಕ್ಕೆ ಸಾಗಿಸುವುದನ್ನು ಅವಳು ಆ ದಿನ ಕಲಿಸಬೇಕಿತ್ತು. ಅವಳ ಪಾಠ ಅವಳೊಂದಿಗೇ ನಿಂತುಹೋಯಿತೇ ಎಂಬ ಸಂಕಟ ದಾರಿಯುದ್ದಕ್ಕೂ ಕಾಡಿತು.

ನಡುವಯಸ್ಸಿನಲ್ಲಿ ನಮ್ಮ ಪರಿಚಯವಾದದ್ದೂ ಇಂಥದೇ ಬದಲಾವಣೆಯಲ್ಲಿ. ನಾನು ಪಾಚಿಗಳ ಮೇಲೆ ಪುಸ್ತಕ ಬರೆಯುತ್ತಿದ್ದ ಮೇಷ್ಟ್ರು. ಹೊಸ ಸಾಫ್ಟ್‌ವೇರ್ ಹಾಕುವ ಮೊದಲೇ ಹಳೆಯದನ್ನು ತೆಗೆದುಬಿಟ್ಟೆ. ಬರಹದೊಳಗಿನ ಉಲ್ಲೇಖಗಳಿಗೂ ಆಕರಗಳಿಗೂ ಇದ್ದ ಕೊಂಡಿಗಳೆಲ್ಲ ಕಳಚಿದವು. ಲೈಬ್ರರಿಗೆ ಓಡಿ ಅವಳ ಮುಂದೆ ಕೂತೆ.

"ಎಲ್ಲ ಹಾಳಾಯ್ತು. ನೀವೇ ಸರಿ ಮಾಡ್ಕೊಡಿ."

"ಮಾಡ್ಕೊಡಲ್ಲ ಮೇಷ್ಟ್ರೇ, ಹೇಳ್ಕೊಡ್ತೀನಿ." ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. "ಮೌಸ್ ನಿಮ್ಮ ಕೈಯಲ್ಲೇ ಇರಲಿ."

ಯಾರಿಗೆ ಕಲಿಸುವಾಗಲೂ ಅವಳ ಪದ್ಧತಿ ಅದೇ. ತಾನು ಮುಟ್ಟಿದರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆಯೂ ಅಲ್ಲಿಗೇ ಮುಗಿಯುತ್ತದೆ ಎನ್ನುತ್ತಿದ್ದಳು. ಒಂದೊಂದೇ ಉಲ್ಲೇಖವನ್ನು ನಾನೇ ಮತ್ತೆ ಜೋಡಿಸಿದೆ. ತಪ್ಪಿದಾಗ ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದಳು. ಆ ನೋಟಕ್ಕಾಗಿ ಬೇಕೆಂದೇ ತಪ್ಪು ಮಾಡತೊಡಗಿದೆ.

"ಇದು ನಿಮಗೆ ನಿನ್ನೇನೇ ಬಂದಿತ್ತಲ್ಲ?"

"ಮರೆತ್ಹೋಯ್ತು."

"ಮರೆತಿರೋ ಮುಖ ಅಲ್ಲ ಇದು."

ನನ್ನ ಕಿವಿ ಬಿಸಿಯಾಯಿತು. "ಕೆಲಸ ಮುಗಿದ್ರೆ ನಾಳೆ ಯಾವ ನೆಪ ಹೇಳ್ಕೊಂಡು ಬರ್ಲಿ?"

ಅವಳು ಕಿಟಕಿಯತ್ತ ತಿರುಗಿದಳು. ಬೆನ್ನ ಹಿಂದಿನ ಕೈಗಳು ಮೆಲ್ಲನೆ ಬಿಚ್ಚಿಕೊಂಡವು. ಒಂದು, ಮೌಸ್ ಹಿಡಿದ ನನ್ನ ಕೈಯ ಮೇಲೆ ಬಂದು ಕೂತಿತು.

"ನೆಪ ಯಾಕೆ? ಸುಮ್ನೆ ಬನ್ನಿ."

ಆ ಬೆಳಿಗ್ಗೆ ಅದೇ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತೆ. ತರಗತಿ ನಡೆಯುತ್ತಿತ್ತು. ಅವಳ ಕೈಕೆಳಗೆ ಪಳಗಿದ, ಅವಳನ್ನು ಅಕ್ಕ ಎಂದೇ ಕರೆಯುವ ಕಿರಿಯ ಗ್ರಂಥಪಾಲಕಿ ಕಲಿಸುತ್ತಿದ್ದಳು.

"ಹಳೇದನ್ನ ಈಗ್ಲೇ ತೆಗೀಬೇಡಿ ಸರ್. ಮೊದ್ಲು ಪ್ರತಿ ಇಟ್ಕೊಳ್ಳಿ. ಹೊಸದ್ರಲ್ಲಿ ಎಲ್ಲ ಬಂದಿದ್ಯಾ ನೋಡಿ."

"ನೀವೇ ಒತ್ತಿಬಿಡಿ ಮೇಡಂ," ಎಂದರು ಮುಂದೆ ಕೂತ ಪ್ರೊಫೆಸರ್.

ಆಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನಮ್ಮಕ್ಕ ಬೈತಾರೆ ಸರ್. ಮೌಸ್ ನಿಮ್ಮ ಕೈಯಲ್ಲೇ ಇರಲಿ."

ಆಗ ನನ್ನನ್ನು ಕಂಡಳು. ಹೇಳಬೇಕಾಗಲೇ ಇಲ್ಲ. ಮುಂದುವರಿಸಮ್ಮ ಎಂದು ಸನ್ನೆ ಮಾಡಿ ಹಿಂದಿನ ಕುರ್ಚಿಯಲ್ಲಿ ಕೂತೆ. ಪಾಠ ಮುಗಿಯುವವರೆಗೂ ಆಕೆಯ ಕೈಗಳು ಮುಂದೆ ಬರಲಿಲ್ಲ, ಹರಿಯುವ ಕಣ್ಣೀರು ಒರೆಸಿಕೊಳ್ಳುವುದಕ್ಕೂ. ಅಷ್ಟು ದುಃಖದಲ್ಲೂ ನನ್ನ ತಲೆ ಎತ್ತಿಯೇ ಇತ್ತು. ಇವಳು ನನ್ನವಳ ಶಿಷ್ಯೆ.

ದೇವರೇ, ಯಾರ ಕೈಯಿಂದಲೂ ಕೆಲಸ ಕಸಿಯದೆ ಎಲ್ಲರನ್ನೂ ಬೆಳೆಸಿದ ಜೀವ ಅದು. ಇನ್ನು ಅವಳ ಕೈ ನಿನ್ನ ಕೈಯಲ್ಲಿರಲಿ. ಅವಳಿಗೆ ಶಾಂತಿ ಕೊಡು.